ರಿಪೇರಿ ಅಂಗಡಿಯಲ್ಲಿ ಹುಟ್ಟಿದ ಯಂತ್ರ

ಹೊಲಿಗೆ ಯಂತ್ರದ ಹುಟ್ಟಿನ ಬಗ್ಗೆ ಎಲ್ಲೆಡೆ ಓಡಾಡುವ ಕತೆ ಒಂದೇ. ದೀಪದ ಬೆಳಕಿನಲ್ಲಿ ಕಣ್ಣು ಸೋಲುವತನಕ ಹೊಲಿಯುವ ಹೆಂಡತಿ, ಅದನ್ನು ನೋಡಲಾರದೆ ಯೋಚನೆಗೆ ಬಿದ್ದ ಗಂಡ, ಒಂದು ರಾತ್ರಿ ಫಕ್ಕನೆ ಹೊಳೆದ ಉಪಾಯ. ಗಾಂಧೀಜಿಯವರಿಗೂ ಈ ಕತೆ ಇಷ್ಟವಾಗಿತ್ತು. ಎಲ್ಲ ಯಂತ್ರಗಳನ್ನೂ ವಿರೋಧಿಸುತ್ತೀರಾ ಎಂದು 1924ರಲ್ಲಿ ಕೇಳಿದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದನೆಂದು ಕಾರಣವನ್ನೂ ಹೇಳಿದರು. ವಿನಾಯಿತಿ ನ್ಯಾಯವಾದದ್ದೇ. ಆದರೆ ಐಸಾಕ್ ಮೆರಿಟ್ ಸಿಂಗರನಿಗೆ ದಾರಿ ಕಂಡದ್ದು ಮನೆಯಲ್ಲಿ ಕೂತಿದ್ದಾಗ ಅಲ್ಲ. 1850ರಲ್ಲಿ ಬಾಸ್ಟನ್ ನಗರದ ಆರ್ಸನ್ ಫೆಲ್ಪ್ಸ್ ಎಂಬಾತನ ವರ್ಕ್‌ಶಾಪಿನಲ್ಲಿ, ಪದೇ ಪದೇ ಕೆಟ್ಟು ರಿಪೇರಿಗೆ ಬರುತ್ತಿದ್ದ ಬೇರೆಯವರ ಯಂತ್ರವೊಂದನ್ನು ನೋಡುತ್ತ ನಿಂತಿದ್ದಾಗ.

ರಿಪೇರಿಯಿಂದ ಹುಟ್ಟಿದ ಯಂತ್ರ ಇದು, ರಿಪೇರಿಯಿಂದಲೇ ಇಷ್ಟು ಕಾಲ ಬದುಕಿದೆ. ಹಳೆಯ ಸಿಂಗರ್ ಒಂದನ್ನು ಕೊಂಡು, ಬಿಚ್ಚಿ ನೋಡಿ, ಅದರಲ್ಲಿ ಹೊಲಿಯಲು ಶುರುಮಾಡಿದ ಮೇಲೆ ನನಗೆ ಇದು ಗಟ್ಟಿಯಾಗಿ ಅನಿಸಿದೆ.

ನಾನು ಕೊಂಡದ್ದು ಹುಬ್ಬಳ್ಳಿಯಲ್ಲಿ, ಬಾಗಿಲು ಹಾಕುತ್ತಿದ್ದ ಒಂದು ಟೈಲರ್ ಅಂಗಡಿಯಿಂದ. ರೆಡಿಮೇಡ್ ಬಟ್ಟೆ ಬಂದ ಮೇಲೆ ಅಳತೆ ಕೊಟ್ಟು ಹೊಲಿಸುವವರು ಕಡಿಮೆಯಾಗಿ, ಕೊನೆಕೊನೆಗೆ ಅಲ್ಲಿ ಪ್ಯಾಂಟಿನ ಕಾಲು ಮಡಿಸುವ ಕೆಲಸ ಮಾತ್ರ ಉಳಿದಿತ್ತು. ಮಾಲೀಕರು ಇಸ್ತ್ರಿ ಪೆಟ್ಟಿಗೆ, ಕತ್ತರಿಸುವ ಮೇಜು ಎಲ್ಲ ಕೊಟ್ಟುಬಿಟ್ಟಿದ್ದರು. ಯಂತ್ರವನ್ನು ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಲು ಅವರಿಗೆ ಮನಸ್ಸು ಬಂದಿರಲಿಲ್ಲ. ಹೊಸ ಯಂತ್ರದ ಅರ್ಧ ಬೆಲೆಗೂ ಕಡಿಮೆಗೆ ಅದು ನನ್ನದಾಯಿತು. ಕಪ್ಪು ಮೈ, ಅಲ್ಲಲ್ಲಿ ಸವೆದ ಬಂಗಾರದ ಬಳ್ಳಿ, ಕಂಬದ ಮೇಲೆ ಅಂಡಾಕಾರದ ಹಿತ್ತಾಳೆ ಮುದ್ರೆ. ಬಲಗಡೆ ಕೆಳಗೆ, ಕಬ್ಬಿಣದ ಹಾಸಿನ ಮೇಲೆ ಒತ್ತಿದ ಸಂಖ್ಯೆ. ಅದರ ಮೊದಲ ಅಕ್ಷರ ಇಂಗ್ಲಿಷಿನ ‘ವೈ’.

ಹಳೆಯ ಸಿಂಗರ್ ಯಂತ್ರದ ಜಾತಕ ಆ ಸಂಖ್ಯೆಯಲ್ಲಿದೆ. ‘ವೈ’ ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ, 1921ರಿಂದ 1935ರ ನಡುವೆ ತಯಾರಾದದ್ದು. ‘ಜಿ’ ಎಂದಿದ್ದರೆ ಅಮೆರಿಕದ ನ್ಯೂಜೆರ್ಸಿಯದು. ಕ್ಲೈಡ್‌ಬ್ಯಾಂಕಿನ ಆ ದೊಡ್ಡ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದರ ಕಾರ್ಮಿಕರಿಗೆಂದು ಆದ ರೈಲು ನಿಲ್ದಾಣಕ್ಕೆ ಈಗಲೂ ಸಿಂಗರ್ ಎಂದೇ ಹೆಸರು. ಅಲ್ಲಿಂದ ಹಡಗೇರಿ ಬಂದ ಯಂತ್ರ ಹುಬ್ಬಳ್ಳಿಯಲ್ಲಿ ಅಂಗಿ, ಚೊಣ್ಣ, ಶಾಲೆಯ ಯೂನಿಫಾರಂ ಹೊಲಿಯುತ್ತ ಮೂರು ತಲೆಮಾರು ಕಳೆದಿದೆ.

ತಂದಾಗ ಚಕ್ರ ತಿರುಗುತ್ತಿರಲಿಲ್ಲ. ನನಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು, ಬಗ್ಗಿ ಮೂಸಿ ನೋಡಿ, “ಕೊಬ್ಬರಿ ಎಣ್ಣೆ ಬಿಟ್ಟಾರ” ಅಂದರು. ಮನೆಯಲ್ಲಿ ಕೈಗೆ ಸಿಕ್ಕ ಎಣ್ಣೆ ಹಾಕಿದರೆ ಅದು ವರ್ಷ ಕಳೆದಂತೆ ಅಂಟಾಗಿ, ಕೀಲುಗಳನ್ನು ಬೆಸೆದ ಹಾಗೆ ಹಿಡಿದುಬಿಡುತ್ತದೆ. ಅವರು ಎಣ್ಣೆ ಬಿಡುವ ಒಂದೊಂದು ತೂತಿಗೂ ಸೀಮೆಎಣ್ಣೆಯ ಹನಿ ಬಿಟ್ಟರು. ಚಕ್ರವನ್ನು ಜಬರ್ದಸ್ತಿನಿಂದ ತಿರುಗಿಸದೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಆಡಿಸಿದರು. ಬಂಗಾರದ ಬಳ್ಳಿಗೆ ಸೀಮೆಎಣ್ಣೆ ತಾಗದಂತೆ ಬಟ್ಟೆ ಹಿಡಿದಿದ್ದರು, ತಾಗಿದರೆ ಬಣ್ಣ ಕರಗಿ ಬೆಳ್ಳಗಾಗುತ್ತದೆ. ಸಾಯಂಕಾಲದ ಹೊತ್ತಿಗೆ ಕಂದು ಬಣ್ಣದ ಜಿಡ್ಡು ಒಸರಿ ಬಂತು, ಚಕ್ರ ಒಂದು ಸುತ್ತು ಪೂರ್ತಿ ಹೋಯಿತು. ಆಮೇಲೆ ಒರೆಸಿ, ತೆಳುವಾದ ಮಿಷನ್ ಎಣ್ಣೆ. ಬದಲಿಸಿದ್ದು ಸೂಜಿ, ಚರ್ಮದ ಬೆಲ್ಟು ಮತ್ತು ಬಾಬಿನ್ ದಾರ ಸುತ್ತುವ ಕಡೆಯ ರಬ್ಬರ್ ಉಂಗುರ, ಇಷ್ಟೇ.

ಆ ಯಂತ್ರದ ಎಡಬದಿಯ ಜಾರು ತಗಡು ಸರಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಒಂದೇ ಒಂದು ಹೊಲಿಗೆ ಹೇಗೆ ಬೀಳುತ್ತದೆಂದು ನೋಡಬೇಕು. ಪ್ಲಾಸ್ಟಿಕ್ ಹೊದಿಕೆಯ ಹೊಸ ಯಂತ್ರಗಳಲ್ಲಿ ಈ ನೋಟ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಸೂಜಿ ಬಟ್ಟೆಯನ್ನು ತೂರಿ ಕೆಳಗಿನ ತುದಿ ಮುಟ್ಟುತ್ತದೆ. ಆಮೇಲೆ ಕೂದಲೆಳೆಯಷ್ಟು ಮೇಲಕ್ಕೆ ಬರುತ್ತದೆ. ಆ ಕ್ಷಣದಲ್ಲೇ ಎಲ್ಲ ನಡೆಯುವುದು. ಸೂಜಿಯ ಬಲಬದಿಗೆ ಉದ್ದಕ್ಕೂ ಒಂದು ಕಾಲುವೆ ಇದೆ, ಆ ಕಡೆ ದಾರ ಅದರೊಳಗೆ ಅಡಗಿ ಸಲೀಸಾಗಿ ಸರಿಯುತ್ತದೆ. ಎಡಬದಿಗೆ ಅಷ್ಟುದ್ದ ಕಾಲುವೆ ಇಲ್ಲ, ಅಲ್ಲಿ ದಾರ ಬಟ್ಟೆಗೂ ಸೂಜಿಗೂ ನಡುವೆ ಒತ್ತಿಕೊಂಡಿರುತ್ತದೆ. ಸೂಜಿ ಮೇಲೇಳುವಾಗ ಬಟ್ಟೆ ಆ ದಾರವನ್ನು ಹಿಡಿದು ನಿಲ್ಲಿಸುತ್ತದೆ. ಮೇಲೆ ಹೋಗಲಾರದ ದಾರ ಪಕ್ಕಕ್ಕೆ ಉಬ್ಬಿ ಒಂದು ಸಣ್ಣ ಕುಣಿಕೆಯಾಗುತ್ತದೆ. ಕಾದು ಕೂತ ಕೊಕ್ಕಿಯ ಮೊನೆ ಆ ಕುಣಿಕೆಯೊಳಗೆ ನುಗ್ಗಿ, ಅದನ್ನು ಅಗಲಿಸಿ, ಕೆಳಗಿನ ದಾರವಿರುವ ಬಾಬಿನ್ ಗೂಡಿನ ಸುತ್ತ ದಾಟಿಸಿ ಬಿಟ್ಟುಕೊಡುತ್ತದೆ. ಮೇಲಿನ ಸನ್ನೆ ದಾರವನ್ನು ಜಗ್ಗುತ್ತದೆ. ಮೇಲಿನ ದಾರ ಕೆಳಗಿನ ದಾರವನ್ನು ಒಂದು ಸುತ್ತು ಹಾಕಿಕೊಂಡು ಬಟ್ಟೆಯ ಮಧ್ಯದಲ್ಲಿ ಬಿಗಿಯಾಗುತ್ತದೆ. ಒಂದು ಹೊಲಿಗೆ ಮುಗಿಯಿತು. ಸೂಜಿ ಒಮ್ಮೆಯೂ ಬಟ್ಟೆಯ ಆಚೆ ಪೂರ್ತಿ ದಾಟಲಿಲ್ಲ.

ಇಲ್ಲೇ ಇದೆ ಆವಿಷ್ಕಾರದ ಗುಟ್ಟು. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿ. ಸೂಜಿಯ ಕಣ್ಣು ಹಿಂಬದಿಗೆ, ಮೊನೆ ಮುಂಬದಿಗೆ. ಪ್ರತಿ ಹೊಲಿಗೆಗೂ ಸೂಜಿ ಪೂರ್ತಿ ಆಚೆ ಹೋಗಬೇಕು, ಹಿಂದೆ ಇಡೀ ದಾರ ಹೋಗಬೇಕು, ಮತ್ತೆ ಈಚೆ ಬರಬೇಕು. ಯಂತ್ರ ಮಾಡಹೊರಟವರು ಬಹುಕಾಲ ಈ ಕೈಯನ್ನೇ ಅನುಕರಿಸಲು ನೋಡಿದರು. ಎರಡೂ ತುದಿ ಚೂಪಾಗಿರುವ, ನಡುವೆ ಕಣ್ಣಿರುವ ಸೂಜಿಗೆ ಇಂಗ್ಲೆಂಡಿನಲ್ಲಿ 1755ರಷ್ಟು ಹಿಂದೆಯೇ ಪೇಟೆಂಟ್ ಕೊಟ್ಟಿದ್ದರು. ಸೂಜಿಯನ್ನು ಈ ಕಡೆ ಬಿಟ್ಟು ಆ ಕಡೆ ಹಿಡಿಯುವ ಬೆರಳನ್ನು ಕಬ್ಬಿಣದಲ್ಲಿ ಮಾಡುವುದು ಸುಲಭದ ಮಾತಲ್ಲ. ಕೈಯ ಅನುಕರಣೆ ಬಿಟ್ಟ ದಿನ ಯಂತ್ರಕ್ಕೆ ದಾರಿ ತೆರೆಯಿತು.

ಹಾಗೆ ಬಿಟ್ಟವರಲ್ಲಿ ಗೆಲುವು ಕಂಡ ಮೊದಲಿಗ ಫ್ರಾನ್ಸಿನ ಬಡ ದರ್ಜಿ ಬಾರ್ತಲೆಮಿ ತಿಮೊನಿಯೆ. 1830ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅವನ ಸೂಜಿಯ ತುದಿಯಲ್ಲಿ ಕೊಕ್ಕೆ ಇತ್ತು. ಇಂದು ನಮ್ಮ ರವಿಕೆಗಳ ಮೇಲೆ ಆರಿ ಕಸೂತಿ ಮಾಡುವವರ ಕೈಯಲ್ಲಿರುವುದು ಅದೇ ಬಗೆಯ ಸೂಜಿ. ದಾರವನ್ನು ಕೊಕ್ಕೆಯಿಂದ ಎಳೆದು, ಒಂದು ಕುಣಿಕೆಯೊಳಗೆ ಇನ್ನೊಂದನ್ನು ಸೇರಿಸುತ್ತ ಹೋಗುವ ಸರಪಳಿ ಹೊಲಿಗೆ. ಇದಕ್ಕೆ ಒಂದೇ ದಾರ ಸಾಕು. ಆದರೆ ತುದಿ ಸಿಕ್ಕರೆ ಸರ್ರನೆ ಬಿಚ್ಚುತ್ತದೆ, ಸಿಮೆಂಟ್ ಚೀಲದ ಬಾಯಿ ಬಿಚ್ಚಿದವರಿಗೆ ಇದು ಗೊತ್ತು. ಪ್ಯಾರಿಸ್ಸಿನಲ್ಲಿ ಅವನ ಸುಮಾರು 80 ಮರದ ಯಂತ್ರಗಳು ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದವು. ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆಂದು ಹೆದರಿದ ದರ್ಜಿಗಳ ಗುಂಪು 1831ರಲ್ಲಿ ನುಗ್ಗಿ ಅವನ್ನು ಒಡೆದುಹಾಕಿತು. ತಿಮೊನಿಯೆ ಬಡತನದಲ್ಲೇ 1857ರಲ್ಲಿ ತೀರಿಕೊಂಡ. ಆ ದರ್ಜಿಗಳ ಹೆದರಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಹುಬ್ಬಳ್ಳಿಯ ಆ ಅಂಗಡಿ ಮುಚ್ಚಿದ್ದೂ ಇನ್ನೆಲ್ಲೋ ಸಾಲಾಗಿ ಓಡುವ ಯಂತ್ರಗಳ ಕಾರಣಕ್ಕೇ.

ಎರಡು ದಾರಗಳ ಗಟ್ಟಿ ಹೊಲಿಗೆ ಕಂಡವನು ನ್ಯೂಯಾರ್ಕಿನ ವಾಲ್ಟರ್ ಹಂಟ್. 1830ರ ದಶಕದ ಮೊದಲ ವರ್ಷಗಳಲ್ಲೇ ಅವನು ಸೂಜಿಯ ಕಣ್ಣನ್ನು ಮೊನೆಯ ಹತ್ತಿರ ತಂದ, ಕೆಳಗಿನ ದಾರಕ್ಕೆ ನೇಕಾರರ ಮಗ್ಗದಿಂದ ಲಾಳಿಯನ್ನು ತಂದ. ಸೂಜಿ ಕುಣಿಕೆ ಮಾಡಿಕೊಡಲಿ, ಲಾಳಿ ಅದರೊಳಗೆ ಹಾದುಹೋಗಲಿ. ಇಷ್ಟು ದೊಡ್ಡ ವಿಚಾರಕ್ಕೆ ಅವನು ಆಗ ಪೇಟೆಂಟ್ ಪಡೆಯಲೇ ಇಲ್ಲ. ಹೊಲಿದು ಬದುಕುವ ಹೆಂಗಸರ ಗತಿ ಏನು ಎಂದು ಅವನ ಮಗಳೇ ಹಿಂಜರಿದಳೆಂದು ಹೇಳುತ್ತಾರೆ. ನಾವು ಸೀರೆಗೆ ಚುಚ್ಚುವ ಸೇಫ್ಟಿ ಪಿನ್ ಕೂಡ ಇದೇ ಹಂಟನದು. 15 ಡಾಲರ್ ಸಾಲ ತೀರಿಸಲು ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟನಂತೆ.

ಹಂಟನ ಯಂತ್ರ ಮೂಲೆ ಸೇರಿದ ಮೇಲೆ ಅದೇ ವಿಚಾರಕ್ಕೆ ಇನ್ನೊಬ್ಬ ಬಂದ. ಬಾಸ್ಟನ್ನಿನಲ್ಲಿ ಡೇವಿಸ್ ಎಂಬಾತ ವೈಜ್ಞಾನಿಕ ಉಪಕರಣಗಳನ್ನು ಮಾಡಿ, ರಿಪೇರಿ ಮಾಡಿ ಕೊಡುತ್ತಿದ್ದ. ಹೆಣಿಗೆ ಯಂತ್ರ ಹಿಡಿದು ಬಂದವರಿಗೆ ಅವನು, ಇದನ್ನೇಕೆ ಮಾಡುತ್ತೀರಿ, ಹೊಲಿಯುವ ಯಂತ್ರ ಮಾಡಿ, ಹಣ ಆಗುತ್ತದೆ ಎಂದನಂತೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಎಲಿಯಾಸ್ ಹೋವ್ ಎಂಬ ಯುವಕ ಅದನ್ನು ಕಿವಿಗೆ ಹಾಕಿಕೊಂಡ. ಹೆಂಡತಿಯ ಹೊಲಿಗೆ ನೋಡುತ್ತ ಕೂತ ಗಂಡನ ಕತೆ ಸಲ್ಲಬೇಕಾದ್ದು ಇವನಿಗೆ. ಅವಳ ಕೈಯನ್ನು ಅನುಕರಿಸಲು ಹೋಗಿ ಅವನೂ ಮೊದಲು ಸೋತ. ಕಣ್ಣಿರುವ ಮೊನೆಯ ಸೂಜಿ ಅವನಿಗೆ ಹೊಳೆದದ್ದು ಕನಸಿನಲ್ಲಿ, ತುದಿಯಲ್ಲಿ ತೂತಿರುವ ಭರ್ಜಿ ಹಿಡಿದ ಕಾವಲುಗಾರರನ್ನು ಕಂಡಾಗ ಎಂಬ ಐತಿಹ್ಯವೂ ಇದೆ. ಗೆಳೆಯ ಜಾರ್ಜ್ ಫಿಶರ್ ಮನೆಯಲ್ಲಿ ಜಾಗ, ಊಟ, 500 ಡಾಲರ್ ಬಂಡವಾಳ ಕೊಟ್ಟ. 1845ರಲ್ಲಿ ಯಂತ್ರ ಹೊಲಿಯಿತು. ಬಾಸ್ಟನ್ನಿನಲ್ಲಿ ಐವರು ಹೊಲಿಗೆಗಾರ್ತಿಯರ ಎದುರು ಪಂದ್ಯ ಇಟ್ಟಾಗ ಹೋವನ ಯಂತ್ರವೇ ಗೆದ್ದಿತು. ಪೇಟೆಂಟಿನ ದಿನಾಂಕ 1846ರ ಸೆಪ್ಟೆಂಬರ್ 10.

ಪಂದ್ಯ ಗೆದ್ದರೂ ಯಂತ್ರ ಮಾರಾಟವಾಗಲಿಲ್ಲ. ಬೆಲೆ ಹೆಚ್ಚು ಎಂಬುದು ಒಂದು ಕಾರಣ. ಇನ್ನೊಂದು ಯಂತ್ರದೊಳಗೇ ಇತ್ತು: ಹೋವನಿಗೆ ಬಟ್ಟೆಯನ್ನು ಮುಂದೆ ಸರಿಸುವುದು ತಿಳಿದಿರಲಿಲ್ಲ. ಬಟ್ಟೆಯನ್ನು ಒಂದು ಪಟ್ಟಿಯ ಮುಳ್ಳುಗಳಿಗೆ ಸಿಕ್ಕಿಸಿ ನೇತುಹಾಕಬೇಕು. ಪಟ್ಟಿ ಕೊನೆ ಮುಟ್ಟಿದೊಡನೆ ನಿಲ್ಲಿಸಿ, ಬಿಡಿಸಿ, ಮತ್ತೆ ಸಿಕ್ಕಿಸಬೇಕು. ನೆಟ್ಟಗಿನ ಹೊಲಿಗೆ ಸರಿ, ತೋಳಿನ ಸುತ್ತು ಹೊಲಿಯುವುದು ಹೇಗೆ? ಇಂಗ್ಲೆಂಡಿಗೆ ಹೋಗಿ ಅಲ್ಲಿನ ಹಕ್ಕನ್ನು 250 ಪೌಂಡಿಗೆ ಮಾರಿ, ಬರಿಗೈಯಲ್ಲಿ 1849ರಲ್ಲಿ ಮರಳಿದ ಹೋವ್. ಕಾಯಿಲೆ ಬಿದ್ದಿದ್ದ ಹೆಂಡತಿ ಸ್ವಲ್ಪದರಲ್ಲೇ ತೀರಿಕೊಂಡಳು. ಯಾರ ಕೈಗೆ ಬಿಡುವು ಸಿಗಲೆಂದು ಹೊರಟಿದ್ದನೋ ಅವಳಿಗೆ ಅದರ ಫಲ ಕಾಣಸಿಗಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ಸಂಗತಿ ಅದು.

ಈಗ ಫೆಲ್ಪ್ಸನ ವರ್ಕ್‌ಶಾಪಿಗೆ ಬರೋಣ. ಅಲ್ಲಿಗೆ ಕೆಟ್ಟು ಬರುತ್ತಿದ್ದ ಯಂತ್ರದ ಲಾಳಿ ವೃತ್ತದಲ್ಲಿ ಸುತ್ತುತ್ತಿತ್ತು. ಸುತ್ತು ಸುತ್ತಿಗೂ ದಾರದ ಹುರಿ ಬಿಚ್ಚಿ ದಾರ ಹರಿಯುತ್ತಿತ್ತು. ನಾಟಕ ಆಡುತ್ತ ಊರೂರು ತಿರುಗಿದ, ಕೈಕೆಲಸ ಬಲ್ಲ ಸಿಂಗರ್ ಅದನ್ನು ನೋಡಿ ಕೆಲವು ಮಾತು ಹೇಳಿದ. ಲಾಳಿ ನೇರವಾಗಿ ಹೋಗಿಬರಲಿ. ಬಾಗಿದ ಸೂಜಿ ಅಡ್ಡಡ್ಡ ಚುಚ್ಚುವ ಬದಲು ನೇರ ಸೂಜಿ ಮೇಲಿಂದ ಇಳಿಯಲಿ. ಬಟ್ಟೆ ಮೇಜಿನ ಮೇಲೆ ಮಲಗಿರಲಿ, ಸ್ಪ್ರಿಂಗಿನ ಪಾದವೊಂದು ಅದನ್ನು ಒತ್ತಿಹಿಡಿಯಲಿ. ಮಲಗಿದ ಬಟ್ಟೆ ಎಡೆಬಿಡದೆ ಸರಿಯುವ ವಿಚಾರಕ್ಕೆ ಜಾನ್ ಬ್ಯಾಚೆಲ್ಡರ್ ಎಂಬಾತ 1849ರಲ್ಲೇ ಪೇಟೆಂಟ್ ಪಡೆದಿದ್ದ. ಆ ಹಕ್ಕು ಮುಂದೆ ಸಿಂಗರನ ಕಂಪನಿಯ ಕೈಸೇರಿತು.

ಹಗಲೂ ರಾತ್ರಿ ಕೂತು ಮಾಡಿದ ಮಾದರಿ 11ನೆಯ ದಿನ ತಯಾರಾಯಿತೆಂದು ಸಿಂಗರ್ ತಾನೇ ಹೇಳಿಕೊಂಡಿದ್ದಾನೆ. ಹೊಲಿದು ನೋಡಿದರೆ ಹೊಲಿಗೆ ಸಡಿಲ. ಕೆಲಸಗಾರರು ಬೇಸತ್ತು ಹೋದರು. ನಡುರಾತ್ರಿ ಅವನೂ ಬಂಡವಾಳ ಹಾಕಿದ ಜಾರ್ಜ್ ಝೀಬರನೂ ವಸತಿಗೆ ಮರಳುವಾಗ ದಾರಿಯಲ್ಲಿ ಹಲಗೆಗಳ ರಾಶಿಯ ಮೇಲೆ ಕೂತರು. ಬಟ್ಟೆಯ ಮೇಲ್ಬದಿಯಲ್ಲಿ ಸಡಿಲ ಕುಣಿಕೆಗಳು ಏಳುತ್ತಿದ್ದವಲ್ಲ, ನೋಡಿದೆಯಾ ಎಂದ ಝೀಬರ್. ಸಿಂಗರನಿಗೆ ಹೊಳೆಯಿತು: ದಾರದ ಬಿಗಿ ಸರಿಪಡಿಸುವುದೇ ಮರೆತುಹೋಗಿದೆ! ಹಿಂದಿರುಗಿ ಬಿಗಿ ಹೊಂದಿಸಿದ. ಐದು ಹೊಲಿಗೆ ಅಚ್ಚುಕಟ್ಟಾಗಿ ಬಿದ್ದವು, ಆಮೇಲೆ ದಾರ ಹರಿಯಿತು. ಆದರೆ ಆ ಐದು ಸಾಕಾಗಿದ್ದವು. ಹೊಲಿಗೆ ಕಲಿಯುವ ಪ್ರತಿಯೊಬ್ಬರೂ ಅದೇ ಕುಣಿಕೆಗಳ ಎದುರು ಒಮ್ಮೆ ಕೂತಿರುತ್ತಾರೆ. ಕುಣಿಕೆ ಬಟ್ಟೆಯ ಅಡಿಯಲ್ಲಿ ಕಂಡರೆ ತಪ್ಪು ಮೇಲಿನ ದಾರದ್ದು. ಪಾದ ಎತ್ತಿಟ್ಟು ದಾರ ಪೋಣಿಸಿದರೆ ಬಿಗಿಯ ಬಿಲ್ಲೆಗಳ ನಡುವೆ ದಾರ ಸರಿಯಾಗಿ ಕೂರುತ್ತದೆ, ಬಹುಪಾಲು ಸಲ ಅಷ್ಟಕ್ಕೇ ಗುಣವಾಗುತ್ತದೆ. ನನ್ನ ಮೆಕ್ಯಾನಿಕ್ಕರ ಕಟ್ಟಪ್ಪಣೆ ಒಂದೇ: ಬಾಬಿನ್ ಗೂಡಿನ ಸಣ್ಣ ತಿರುಪು ಮುಟ್ಟಬಾರದು.

ಸಿಂಗರನ ಪೇಟೆಂಟ್ ಬಂದದ್ದು 1851ರ ಆಗಸ್ಟ್ 12ರಂದು. ಅದೇ ದಿನ ಆಲನ್ ವಿಲ್ಸನ್ ಎಂಬ ಇನ್ನೊಬ್ಬನಿಗೆ ತಿರುಗುವ ಕೊಕ್ಕಿಗೆ ಪೇಟೆಂಟ್ ಸಿಕ್ಕಿತು. ನನ್ನ ಕಣ್ಣಿಗೆ ಈ ವಿಲ್ಸನ್ ಎಲ್ಲರಿಗಿಂತ ಸೂಕ್ಷ್ಮಬುದ್ಧಿಯವನು. ಸೂಜಿಯ ಕೆಳಗೆ ಇಣುಕುವ ಹಲ್ಲುಗಳು ಮೇಲೆ ಬಂದು, ಬಟ್ಟೆಯನ್ನು ಹಿಂದಕ್ಕೆ ತಳ್ಳಿ, ಕೆಳಗೆ ಮುಳುಗಿ, ಮೊದಲಿನ ಜಾಗಕ್ಕೆ ಮರಳುವ ನಾಲ್ಕು ಹೆಜ್ಜೆಯ ಚಲನೆ 1854ರಲ್ಲಿ ಅವನು ಕೊಟ್ಟದ್ದು. ಬಟ್ಟೆಯನ್ನು ಬೇಕಾದ ಕಡೆ ತಿರುಗಿಸಬಹುದಾದ್ದು ಅದರಿಂದ. ನಮ್ಮ ಮನೆಗಳಲ್ಲಿ ಓಡುವ ಯಂತ್ರಗಳಲ್ಲೆಲ್ಲ ಇಂದಿಗೂ ಅದೇ ಚಲನೆ. ನನ್ನ ಯಂತ್ರದಲ್ಲಿ ಅರ್ಧ ಸುತ್ತು ತಿರುಗಿ ಹಿಂದೆ ಬರುವ ಕೊಕ್ಕಿ ಇದೆ, ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಸಿಂಗರ್ ಕಂಪನಿಯಲ್ಲಿ ದುಡಿದ ಫಿಲಿಪ್ ಡೀಲನ ಕೈಕೆಲಸ ಅದು. ಹೀಗೆ ನೋಡುತ್ತ ಹೋದರೆ ಮುದ್ರೆಯ ಮೇಲೆ ಒಂದೇ ಹೆಸರಿದ್ದರೂ ಒಳಗೆ ಕೂತವರು ಹಲವರು.

ಕೋರ್ಟಿನ ಕತೆ ದೊಡ್ಡದು, ಸಾರ ಚಿಕ್ಕದು. ತನ್ನ ಪೇಟೆಂಟ್ ಬಳಸಿದ್ದಕ್ಕೆ ಹೋವ್ ಸಿಂಗರನ ಮೇಲೆ ದಾವೆ ಹೂಡಿ 1854ರಲ್ಲಿ ಗೆದ್ದ, ಸಿಂಗರ್ 15,000 ಡಾಲರ್ ಕೊಟ್ಟ. ಒಬ್ಬರ ಪೇಟೆಂಟ್ ಇಲ್ಲದೆ ಇನ್ನೊಬ್ಬರು ಒಂದು ಯಂತ್ರವನ್ನೂ ಮಾಡುವಂತಿರಲಿಲ್ಲ, ಹಾಗಾಗಿ 1856ರಲ್ಲಿ ಎಲ್ಲರೂ ಸೇರಿ ಒಕ್ಕೂಟ ಕಟ್ಟಿದರು. ಹೋವ್ ಕೊನೆಗೂ ಶ್ರೀಮಂತನಾಗಿ, 48ನೆಯ ವಯಸ್ಸಿಗೇ ತೀರಿಕೊಂಡ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿ ತಂದ. ಹಳೆಯದನ್ನು ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ 50 ಡಾಲರ್ ಬಿಟ್ಟ. ಹಾಗೆ ಬಂದ ಹಳೆಯವು ಮತ್ತೆ ಪೇಟೆಗೆ ಬರದಂತೆ ನಾಶಮಾಡಿಸಿದ. ಸೆಕೆಂಡ್‌ಹ್ಯಾಂಡ್ ಯಂತ್ರ ಎಷ್ಟು ದಿನ ಬಾಳುತ್ತದೆಂದು ಮಾರುವವನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ದೇಶದಲ್ಲಿ ಹಳೆಯ ಯಂತ್ರ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತ ಬಂತು. 1930ರ ದಶಕದಲ್ಲಿ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರಗಳನ್ನು ಮಾಡತೊಡಗಿತು. ಮನೆಮನೆಯ ಕಪ್ಪು ಉಷಾ ನಡೆದದ್ದು ಬಹುಮಟ್ಟಿಗೆ ನನ್ನ ಯಂತ್ರದ ಮಾದರಿಯಾದ ಸಿಂಗರ್ 15ರ ಜಾಡಿನಲ್ಲೇ. ಇದರಿಂದ ಇವತ್ತು ಕೊಳ್ಳುವವರಿಗೆ ದೊಡ್ಡ ಉಪಕಾರವಾಗಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ನನ್ನ ಯಂತ್ರಕ್ಕೆ ಬೇಕಾದ ಬಾಬಿನ್, ಗೂಡು, ಸೂಜಿ ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುತ್ತವೆ. ಉದ್ದ ಬಾಬಿನ್ನಿನ, ಬಂದೂಕಿನ ಗುಂಡಿನಂಥ ಲಾಳಿಯ ಸಿಂಗರ್ 28 ನೋಡಲು ಬಲು ಚೆಂದ, ಹಂಟನ ವಿಚಾರ ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಆದರೆ ಅದರ ಲಾಳಿ ಕಳೆದಿದ್ದರೆ ಬದಲಿ ಹುಡುಕುವುದು ಕಷ್ಟ. ದಿನಾ ಹೊಲಿಯುವ ಆಸೆ ಇದ್ದವರು 15ರ ಬಗೆಯದನ್ನೇ ಕೊಳ್ಳಿ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹೊಸದಾಗಿ ಬಣ್ಣ ಬಳಿದು ಬಂಗಾರದ ಚಿತ್ರ ಅಂಟಿಸಿದ ಯಂತ್ರಗಳು ಬೇಕಾದಷ್ಟಿವೆ. ಒತ್ತಿದ ಸಂಖ್ಯೆ ಹುಡುಕಿ, ಬಾಬಿನ್ ಗೂಡು ಒಳಗಿದೆಯೇ ನೋಡಿ, ಕೊಕ್ಕಿಯ ಮೊನೆ ಮುರಿದಿಲ್ಲವೇ, ಹಲ್ಲುಗಳು ಸವೆದಿಲ್ಲವೇ ಎಂದು ಉಗುರಿನಿಂದ ಮುಟ್ಟಿ ನೋಡಿ. ಚಕ್ರ ಬಿಗಿದಿದ್ದರೆ ಹೆದರಬೇಡಿ, ಜಿಡ್ಡು ಕರಗುತ್ತದೆ. ಹಾಸು ಸೀಳಿದ್ದರೆ ಮಾತ್ರ ಬಿಟ್ಟುಬನ್ನಿ. ಆಮೇಲೆ ಎರಡು ಪದರದ ಹತ್ತಿ ಬಟ್ಟೆಯಿಟ್ಟು ನಿಧಾನ ತುಳಿಯಿರಿ. ನನ್ನದು ಈಗ ದಿಂಬಿನ ಚೀಲ, ಹಳೆಯ ಸೀರೆಯ ಪರದೆ, ಜೀನ್ಸಿನ ಹರಿದ ಮೊಣಕಾಲು ಎಲ್ಲವನ್ನೂ ಹೊಲಿಯುತ್ತದೆ. ಕರೆಂಟ್ ಹೋದರೂ ನಿಲ್ಲುವುದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜಿಯ ಕೋಣೆಯಲ್ಲಿ ಇಂಥದೊಂದು ಇದ್ದರೆ ಗುಜರಿಯವನನ್ನು ಕರೆಯುವ ಮೊದಲು ಊರಿನ ಹಳೆಯ ಮಿಷನ್ ಮೆಕ್ಯಾನಿಕ್ಕನನ್ನು ಕರೆಯಿರಿ. ಆತ ಬಿಚ್ಚುವಾಗ ಪಕ್ಕದಲ್ಲೇ ಕೂತು ನೋಡಿ, ಕೇಳಿ, ಕಲಿಯಿರಿ. ಈ ಕೆಲಸ ಬಲ್ಲವರು ಬಹುಪಾಲು ವಯಸ್ಸಾದವರು, ಅವರ ಹತ್ತಿರ ಕಲಿಯಲು ಹುಡುಗರು ಬರುತ್ತಿಲ್ಲ.